ಬೈಗುಳದ ವಾರಸುದಾರರು

1

ಭಾಷೆಯೊಂದರ ಶಬ್ದಸಂಪತ್ತಿನಲ್ಲಿ ಬೈಗುಳಗಳ ಸ್ಥಾನ ವಿಚಿತ್ರವಾದುದು. ಅವನ್ನು ಎಲ್ಲರೂ ಬಲ್ಲರು, ಬಹುಮಂದಿ ಬಳಸುತ್ತಾರೆ, ಬರೆಯುವ ಹೊತ್ತಿಗೆ ಮಾತ್ರ ಅವು ಇಲ್ಲವೇ ಇಲ್ಲವೆಂಬಂತೆ ಲೇಖನಿ ಪಕ್ಕಕ್ಕೆ ಸರಿಯುತ್ತದೆ. ಹೀಗೆ ದಾಖಲೆಯಿಂದ ಹೊರಗುಳಿದ ಪದಗಳ ಸುತ್ತ ಕಥೆಗಳು ಹುಟ್ಟುವುದು ಸಹಜ. ಇಂಗ್ಲಿಷಿನ ‘ಡ್ಯಾಮ್’ ಎಂಬ ಸಣ್ಣ ಬೈಗುಳದ ಸುತ್ತ ಬೆಳೆದಿರುವ ಕಥೆ ಅಂಥವುಗಳಲ್ಲಿ ಒಂದು. ಅದು ದೆಹಲಿಯ ದೊರೆಗಳ ಟಂಕಸಾಲೆಯನ್ನೂ ಕನ್ನಡಿಗರ ದಮ್ಮಡಿಯನ್ನೂ ಮುಟ್ಟುವುದರಿಂದ ಕನ್ನಡದ ಅಧ್ಯಯನಾಸಕ್ತರು ಅದನ್ನು ಪರಿಶೀಲಿಸಿ ನೋಡುವುದು ಉಚಿತ.

ಕಥೆ ಇಷ್ಟು. ಇಂಗ್ಲಿಷರು ‘ನನಗೆ ಅದು ಒಂದು ಡ್ಯಾಮ್‌ನಷ್ಟೂ ಲಕ್ಷ್ಯವಿಲ್ಲ’ ಎಂಬರ್ಥದಲ್ಲಿ ಆಡುವ ಮಾತು ಮೂಲತಃ ಬೈಗುಳವೇ ಅಲ್ಲ. ಅದು ಮೊಗಲರ ತಾಮ್ರದ ನಾಣ್ಯವಾದ ‘ದಾಮ್’ ಎಂಬುದರ ಹೆಸರು. ಭಾರತಕ್ಕೆ ಬಂದ ಸಿಪಾಯಿಗಳೂ ಅಧಿಕಾರಿಗಳೂ ಇಲ್ಲಿ ಕಲಿತ ಮಾತನ್ನು ತಮ್ಮ ದೇಶಕ್ಕೆ ಒಯ್ದರು. ಅಲ್ಲಿ ಅದು ತನ್ನ ಹುಟ್ಟನ್ನು ಮರೆತು ಶಾಪವಾಯಿತು. ಕೇಳುವುದಕ್ಕೆ ಸೊಗಸಾದ ಈ ವಿವರಣೆಯನ್ನು ಇಂದಿಗೂ ದೆಹಲಿಯಲ್ಲಿ ಹಳೆಯ ನಾಣ್ಯಗಳ ಮಾತು ಬಂದಾಗ ಯಾರಾದರೊಬ್ಬರು ಹೇಳದೆ ಬಿಡುವುದಿಲ್ಲ.

ಈ ಕಥೆಯನ್ನು ಅಚ್ಚಿನಲ್ಲಿ ಪ್ರಸಿದ್ಧಗೊಳಿಸಿದ ಗ್ರಂಥ ಹೆನ್ರಿ ಯೂಲ್ ಮತ್ತು ಆರ್ಥರ್ ಕೋಕ್ ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’. 1886ರಲ್ಲಿ ಪ್ರಕಟವಾದ ಈ ಕೋಶ, ಭಾರತದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಬಳಕೆಯಾಗುತ್ತಿದ್ದ ದೇಶೀ ಪದಗಳ ಭಂಡಾರ. ಮೊಹರಮ್ಮಿನ ‘ಯಾ ಹಸನ್, ಯಾ ಹುಸೇನ್’ ಎಂಬ ಶೋಕದ ಕೂಗು ಸೋಜಿಗರ ಕಿವಿಯಲ್ಲಿ ಪಡೆದ ರೂಪವೇ ಈ ಗ್ರಂಥದ ಹೆಸರು. ಬರ್ನೆಲ್ ಕನ್ನಡಿಗರಿಗೆ ಅಪರಿಚಿತನಲ್ಲ. ದಕ್ಷಿಣ ಕನ್ನಡದಲ್ಲಿ ನ್ಯಾಯಾಧೀಶನಾಗಿದ್ದ ಆತನ ದಕ್ಷಿಣ ಭಾರತದ ಲಿಪಿಶಾಸ್ತ್ರ ಗ್ರಂಥ 1874ರಲ್ಲಿ ಮಂಗಳೂರಿನಿಂದಲೇ ಹೊರಬಂತು. ತುಳುವರ ಭೂತಾರಾಧನೆಯನ್ನು ಕುರಿತ ಆತನ ಸಂಗ್ರಹವೂ ಸುಪ್ರಸಿದ್ಧ. 1882ರಲ್ಲಿ ಆತ ತೀರಿಕೊಂಡ ಮೇಲೆ ಯೂಲ್ ಕೋಶವನ್ನು ಪೂರ್ತಿಗೊಳಿಸಿದ. ‘ದಾಮ್’ ಎಂಬ ಉಲ್ಲೇಖದ ಕೆಳಗೆ ಬೈಗುಳದ ಸಂಬಂಧವನ್ನು ಅಲ್ಲಿ ಒಂದು ಸೂಚನೆಯ ರೂಪದಲ್ಲಿ, ತುಸು ವಿನೋದದ ಧಾಟಿಯಲ್ಲಿ ಹೇಳಲಾಗಿದೆ. ಓದಿದವರು ವಿನೋದವನ್ನು ಬಿಟ್ಟು ಸೂಚನೆಯನ್ನು ಸಿದ್ಧಾಂತವಾಗಿಸಿಕೊಂಡರು.

2

ಮೊದಲು ನಾಣ್ಯದ ಕಡೆಯ ಸಾಕ್ಷ್ಯವನ್ನು ನೋಡಬಹುದು. ಆ ಭಾಗದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ದೆಹಲಿಯಿಂದ ಆಳಿದ ಶೇರ್ ಷಹ (1540–1545) ಭಾರವಾದ ತಾಮ್ರದ ನಾಣ್ಯವೊಂದನ್ನು ಚಲಾವಣೆಗೆ ತಂದ. ಅದೇ ತೂಕದ ನಾಣ್ಯ ಅಕ್ಬರನ ಕಾಲದಲ್ಲಿ ದಾಮ್ ಎನಿಸಿಕೊಂಡಿತು. ಅದರ ತೂಕ ಸುಮಾರು 21 ಗ್ರಾಂ. 40 ದಾಮ್‌ಗೆ ಒಂದು ರೂಪಾಯಿ ಎಂಬುದು ಅಬುಲ್ ಫಜಲನ ‘ಐನ್-ಇ-ಅಕ್ಬರಿ’ ಕೊಡುವ ಲೆಕ್ಕ. ದಾಮ್‌ನ ಅರ್ಧ ಅಧೇಲಾ, ಕಾಲು ಪಾವ್ಲಾ, ಎಂಟನೆಯ ಒಂದು ಭಾಗ ದಮ್ಡಿ. ಸಾಮ್ರಾಜ್ಯದ ಕಂದಾಯವನ್ನೆಲ್ಲ ದಾಮ್‌ಗಳಲ್ಲೇ ಎಣಿಸುತ್ತಿದ್ದರು. ಹಾಗೆ ಎಣಿಸುವಾಗ ಅಂಕಿಗಳು ಕೋಟಿಗಳಿಗೆ ಏರುತ್ತಿದ್ದುವು. ನಾಣ್ಯ ಮರೆಯಾದರೂ ಹೆಸರು ಉಳಿಯಿತು. ಹಿಂದಿಯಲ್ಲಿ ದಾಮ್ ಎಂದರೆ ಇಂದು ಬೆಲೆ. ‘ಆಮ್ ಕೆ ಆಮ್, ಗುಠ್ಲಿಯೋಂ ಕೆ ದಾಮ್’ ಎಂಬ ಗಾದೆ ದೆಹಲಿಯ ಸಂತೆಯಲ್ಲಿ ಈಗಲೂ ಜೀವಂತ: ಹಣ್ಣಿಗೆ ಹಣ್ಣೂ ಆಯಿತು, ಗೊರಟಿಗೆ ಬೆಲೆಯೂ ಬಂತು.

ದಾಮ್ ಎಂಬುದರ ಹಿಂದಿನ ವಂಶಾವಳಿ ಇನ್ನೂ ದೂರ ಹೋಗುತ್ತದೆ. ಗ್ರೀಕರ ದ್ರಾಖ್ಮೆ ಸಂಸ್ಕೃತದಲ್ಲಿ ದ್ರಮ್ಮವಾಯಿತು, ಪ್ರಾಕೃತದಲ್ಲಿ ದಮ್ಮವಾಯಿತು, ಮುಂದೆ ದಾಮ್ ಆಯಿತು. ಅರಬರ ದಿರ್ಹಮ್ ಕೂಡ ಅದೇ ಬೇರಿನ ಇನ್ನೊಂದು ಕೊಂಬೆ. ಕನ್ನಡ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳ ನಡುವೆ ದ್ರಮ್ಮವೂ ಕಾಣಿಸಿಕೊಳ್ಳುತ್ತದೆ. ಎಷ್ಟೋ ಶತಮಾನಗಳ ಬಳಿಕ ಅದೇ ಪದದ ಮೊಮ್ಮಗು ದಮ್ಡಿ ಕನ್ನಡಕ್ಕೆ ದಮ್ಮಡಿಯಾಗಿ ಬಂತು. ಹಿರಿಯನನ್ನು ಶಾಸನದಲ್ಲಿ ಕೆತ್ತಿದ ಭಾಷೆಯೇ ಕಿರಿಯನನ್ನು ‘ದಮ್ಮಡಿ ಕಾಸಿಗೂ ಬಾಳದವನು’ ಎಂಬ ತಿರಸ್ಕಾರದಲ್ಲಿ ಇರಿಸಿಕೊಂಡಿತು. ಒಂದೇ ಪದ ಎರಡು ದಾರಿಗಳಲ್ಲಿ, ಎರಡು ಕಾಲಗಳಲ್ಲಿ ಒಂದೇ ಮನೆಗೆ ಬಂದು ಪರಸ್ಪರ ಗುರುತು ಹಿಡಿಯದೆ ಉಳಿದ ಉದಾಹರಣೆಯಿದು. ನಿಜವಾದ ಚರಿತ್ರೆಯೇ ಇಷ್ಟು ರಮ್ಯವಾಗಿರುವಾಗ ಕಟ್ಟುಕಥೆಯ ಅಗತ್ಯವೇನು ಎಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ.

ಬೈಗುಳದ ಕಡೆಯ ಸಾಕ್ಷ್ಯ ಬೇರೆಯೇ ಮಾತನ್ನು ಹೇಳುತ್ತದೆ. ಇಂಗ್ಲಿಷಿನ ಕ್ರಿಯಾಪದ ಲ್ಯಾಟಿನ್ನಿನ ‘ಡಾಮ್ನಾರೆ’ ಎಂಬುದರಿಂದ ಹಳೆಯ ಫ್ರೆಂಚಿನ ಮೂಲಕ ಬಂದುದು. ಅದರ ಮೂಲ ನಾಮಪದ ‘ಡಾಮ್ನುಮ್’ ಎಂಬುದಕ್ಕೆ ನಷ್ಟ, ದಂಡ ಎಂಬ ಅರ್ಥಗಳು. ನ್ಯಾಯಾಲಯಗಳಲ್ಲಿ ಕೇಳಿಬರುವ ‘ಡ್ಯಾಮೇಜಸ್’ ಎಂಬ ಪರಿಹಾರದ ಮಾತು, ‘ಕಂಡೆಮ್’ ಎಂಬ ಖಂಡನೆಯ ಮಾತು ಇವೆಲ್ಲ ಒಂದೇ ಕುಟುಂಬದವು. ನಷ್ಟವು ದಂಡನೆಯಾಗಿ, ದಂಡನೆಯು ದೈವದಂಡನೆಯಾಗಿ, ನರಕಕ್ಕೆ ತಳ್ಳು ಎಂಬ ಶಾಪವಾಗಿ ಬೆಳೆದುದು ಕ್ರೈಸ್ತ ಧರ್ಮಶಾಸ್ತ್ರದ ಆವರಣದಲ್ಲಿ. ಶಾಪ ಹಗುರಾದಂತೆ ಉದ್ಗಾರವಾಯಿತು. ಉದ್ಗಾರವೂ ಸವೆದು ತಿರಸ್ಕಾರದ ಅಳತೆಯಾಯಿತು. 1784ರಲ್ಲಿ ರಂಗಕ್ಕೇರಿದ ಬೋಮಾರ್ಷೆಯ ಫ್ರೆಂಚ್ ನಾಟಕದಲ್ಲಿ ಫಿಗಾರೋ ಎಂಬ ಸೇವಕ, ಇಂಗ್ಲಿಷ್ ಭಾಷೆಯ ತಳಹದಿಯೇ ಈ ಬೈಗುಳವೆಂದು ಗೇಲಿಮಾಡುತ್ತಾನೆ. ಅಷ್ಟರಮಟ್ಟಿಗೆ ಅದು ಆ ಜನರ ಗುರುತಾಗಿತ್ತು.

ಕಾಲಗಣನೆಯೂ ನಾಣ್ಯದ ಕಥೆಗೆ ಅನುಕೂಲವಾಗಿಲ್ಲ. ಆಲಿವರ್ ಗೋಲ್ಡ್‌ಸ್ಮಿತ್ 1760ರಲ್ಲಿ ಬರೆದ ಪತ್ರಮಾಲೆಯೊಂದರಲ್ಲಿ ‘ಮೂರು ಡ್ಯಾಮ್‌ಗಳಷ್ಟು’ ಲಕ್ಷ್ಯ ಎಂಬ ಪ್ರಯೋಗವಿದೆ. ಆತ ಭಾರತಕ್ಕೆ ಬಂದವನಲ್ಲ. ಕಂಪನಿಗೆ ಬಂಗಾಳದ ದಿವಾನಿ ದೊರೆತುದು 1765ರಲ್ಲಿ. ಅದರ ಸೈನ್ಯ ದೆಹಲಿಯನ್ನು ಹೊಕ್ಕುದು 1803ರಲ್ಲಿ. ಸೂರತ್ತಿನ ವರ್ತಕರು ಹದಿನೇಳನೆಯ ಶತಮಾನದಿಂದಲೇ ದಾಮ್ ಎಂಬ ಹೆಸರನ್ನು ಬಲ್ಲವರಾಗಿರಬಹುದು ಎಂದು ವಾದಿಸುವುದು ಸಾಧ್ಯ. ಆದರೆ ಅವರ ಬಾಯಿಂದ ಲಂಡನ್ನಿನ ಬೀದಿಯವರೆಗಿನ ದಾರಿಯಲ್ಲಿ ಒಂದೇ ಒಂದು ಲಿಖಿತ ಹೆಜ್ಜೆಗುರುತೂ ಬೇಕಲ್ಲವೆ? ಹಾಗೆ ಕಾಣಿಸದೆ, ಆಗಲೇ ಇಂಗ್ಲಿಷಿನಲ್ಲಿದ್ದ ಶಾಪದ ಪದವೇ ಅಲ್ಲಿ ಕಾಣಿಸುತ್ತದೆ. ಮೆಕಾಲೆ 1849ರ ಪತ್ರವೊಂದರಲ್ಲಿ ‘ಎರಡು ಪೆನ್ನಿಯ ಡ್ಯಾಮ್’ ಎಂಬ ಮಾತನ್ನು ಡ್ಯೂಕನದೆಂದು ಹೇಳುತ್ತಾನೆ. ಈ ಡ್ಯೂಕ್ ವೆಲಿಂಗ್ಟನ್ 1799ರಲ್ಲಿ ಟೀಪು ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡಿದ್ದ ಆರ್ಥರ್ ವೆಲ್ಲೆಸ್ಲಿಯೇ. ನಾಣ್ಯದ ಕಥೆಗೆ ಇದಕ್ಕಿಂತ ಒಳ್ಳೆಯ ಪಾತ್ರಧಾರಿ ಸಿಗಲಾರ. ಆದರೆ ಆತ ಬೆಲೆ ಕಟ್ಟಿದ್ದು ಪೆನ್ನಿಯಲ್ಲಿ, ಅದೂ ಗೋಲ್ಡ್‌ಸ್ಮಿತ್ ಬರೆದ ಎಷ್ಟೋ ವರ್ಷಗಳ ಮೇಲೆ. ಜೇಮ್ಸ್ ಮರ್ರೆಯ ಸಂಪಾದಕತ್ವದ ಮಹಾನಿಘಂಟು, ಇಂದಿನ ಆಕ್ಸ್‌ಫರ್ಡ್ ನಿಘಂಟು, ಯೂಲನ ಊಹೆಯನ್ನು ಚತುರವೆಂದು ಮೆಚ್ಚಿ, ಆಧಾರವಿಲ್ಲವೆಂದು ಕೈಬಿಟ್ಟಿತು. ಆ ಭಾಗ ಅಚ್ಚಾದ 1894ರಲ್ಲಿಯೇ ಕಿಟ್ಟೆಲರ ಕನ್ನಡ ನಿಘಂಟೂ ಮಂಗಳೂರಿನಲ್ಲಿ ಹೊರಬಂತೆಂಬುದು ನೆನೆಯತಕ್ಕ ಸಂಗತಿ.

3

ಹಾಗಾದರೆ ಈ ಕಥೆ ಬದುಕಿರುವುದು ಏಕೆ? ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು ಧ್ವನಿಸಾಮ್ಯ. ಎರಡನೆಯದು ನುಡಿಗಟ್ಟಿನ ಜಾಯಮಾನ: ಬೆಲೆಯಿಲ್ಲದುದನ್ನು ಸಣ್ಣ ನಾಣ್ಯದಿಂದ ಅಳೆಯುವುದು ಎಲ್ಲ ಭಾಷೆಗಳ ಅಭ್ಯಾಸ. ಕನ್ನಡಿಗರು ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುವಲ್ಲಿ ಇಂಗ್ಲಿಷರು ಫಾರ್ದಿಂಗ್ ಎನ್ನುತ್ತಾರೆ. ಮೂರನೆಯದು ಅಭಿಮಾನ. ಆಳಿದವರ ಬಾಯಿಯ ಬಿರುನುಡಿಯೂ ಆಳಿಸಿಕೊಂಡವರ ಬೊಕ್ಕಸದಿಂದಲೇ ಹೋದುದು ಎಂದು ತೋರಿಸುವುದರಲ್ಲಿ ಒಂದು ಸಣ್ಣ ಸೇಡಿನ ಸುಖವಿದೆ.

ಇಂಥ ಸುಖ ಕನ್ನಡ ವಿದ್ವತ್ತಿಗೂ ಹೊಸದಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನ 1903ರಲ್ಲಿ ಅಚ್ಚಾದಾಗ, ಅದರಲ್ಲಿ ಬರುವ ಅಪರಿಚಿತ ಭಾಷೆಯ ಮಾತುಗಳು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಷ್ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಎಂ. ಗೋವಿಂದ ಪೈ ಮೊದಲಾದ ಹಿರಿಯರು ಆ ದಿಕ್ಕಿನಲ್ಲಿ ಶ್ರಮಿಸಿದರು; ಒಪ್ಪದವರೂ ಇದ್ದರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಪ್ರಾಮಾಣಿಕ ಶ್ರಮದಿಂದ ನಡೆದ ಆ ಚರ್ಚೆಯಿಂದ ಅನೇಕರು ಎತ್ತಿಕೊಂಡುದು ‘ಗ್ರೀಕರ ನಾಟಕದಲ್ಲಿ ಕನ್ನಡ’ ಎಂಬ ಘೋಷಣೆಯನ್ನು ಮಾತ್ರ. ಊಹೆಗೂ ಸಿದ್ಧಾಂತಕ್ಕೂ ನಡುವಿನ ಗೆರೆ ಅಳಿಸಿಹೋಗುವುದು ಹೀಗೆ.

ಇದರಿಂದ, ವಿಚಿತ್ರವೆನಿಸಿದ ನಿಷ್ಪತ್ತಿಯೆಲ್ಲ ಸುಳ್ಳು ಎಂದು ತಿಳಿಯಬೇಕಾಗಿಲ್ಲ. ಇಂಗ್ಲಿಷ್ ಸಿಪಾಯಿಗಳ ಬೀದಿಮಾತಿಗೆ ಭಾರತದಿಂದ ಪದಗಳು ಹೋದುದು ನಿಜ. ನೋಟಕ್ಕೆ ಹೇಳುವ ‘ಡೆಕ್ಕೊ’ ಹಿಂದಿಯ ‘ದೇಖೋ’; ಸುಖದ ಕೆಲಸಕ್ಕೆ ಹೇಳುವ ‘ಕುಷಿ’ ಪಾರಸಿಯ ‘ಖುಷ್’ ಅಥವಾ ‘ಖುಷಿ’; ಬುದ್ಧಿ ಕೆಟ್ಟವನಿಗೆ ಹೇಳುವ ‘ಡೂಲ್ಯಾಲಿ’ ನಾಸಿಕದ ಬಳಿಯ ದೇವಳಾಲಿ ದಂಡಿನ ಹೆಸರು. ಇನ್ನೂ ವಿಚಿತ್ರವಾದ ಇನ್ನೊಂದು ಬೈಗುಳ ‘ಬಗ್ಗರ್’. ಬಲ್ಗೇರಿಯದಲ್ಲಿ ಹಬ್ಬಿದ್ದ ಬೋಗೋಮಿಲ್ ಪಂಥದ ಭಿನ್ನಮತೀಯರನ್ನು ಪಶ್ಚಿಮದ ಚರ್ಚು ‘ಬಲ್ಗೇರಿಯದವರು’ ಎಂದು ನಿಂದಿಸಿತು. ಅದು ಫ್ರೆಂಚಿನಲ್ಲಿ ‘ಬೂಗ್ರ್’ ಆಯಿತು. ಭಿನ್ನಮತಕ್ಕೆ ಅನೀತಿಯ ಆರೋಪವೂ ಸೇರಿ ಇಂಗ್ಲಿಷಿನ ಬೈಗುಳ ಹುಟ್ಟಿತು. ಒಂದು ಜನಾಂಗದ ಹೆಸರೇ ಬೈಗುಳವಾಯಿತೆಂಬ ಈ ವಿವರಣೆ ನಾಣ್ಯದ ಕಥೆಗಿಂತ ನಂಬಲು ಕಷ್ಟವಾದುದು, ಆದರೂ ನಿಜ. ಹೆಜ್ಜೆಹೆಜ್ಜೆಗೂ ಬರಹದ ಸಾಕ್ಷ್ಯವಿರುವುದೇ ಅದರ ಬಲ. ನಿಷ್ಪತ್ತಿಯ ಒರೆಗಲ್ಲು ಸಾಕ್ಷ್ಯವಲ್ಲದೆ ಸೊಗಸಲ್ಲ.

4

ಪರರ ಬೈಗುಳಕ್ಕೆ ದೆಹಲಿಯಲ್ಲಿ ತವರು ಹುಡುಕುವ ಉತ್ಸಾಹದಲ್ಲಿ ಕಣ್ತಪ್ಪಿಹೋಗುವ ಸಂಗತಿಯೊಂದಿದೆ. ದೆಹಲಿಯಂಥ ರಾಜಧಾನಿಗಳ ದಫ್ತರದಿಂದ ನಿಜವಾಗಿಯೇ ಹೊರಟು ಕನ್ನಡಕ್ಕೆ ಬಂದು ಬೈಗುಳವಾದ ಪದವೊಂದು ಕನ್ನಡಿಗರ ನಾಲಗೆಯ ಮೇಲೆಯೇ ಇದೆ. ಅದು ‘ಬೇವರ್ಸಿ’.

‘ವಾರಿಸ್’ ಎಂಬುದು ಅರಬ್ಬಿಯಲ್ಲಿ ಹಕ್ಕುದಾರ, ಉತ್ತರಾಧಿಕಾರಿ. ಅದಕ್ಕೆ ಪಾರಸಿಯ ‘ಬೇ’ ಸೇರಿದರೆ ಹಕ್ಕುದಾರನಿಲ್ಲದ ಎಂಬರ್ಥ. ದೆಹಲಿಯ ಸುಲ್ತಾನರು, ಮೊಗಲರು, ಬಿಜಾಪುರದ ಆದಿಲ್‌ಶಾಹಿಗಳು, ಕೊನೆಗೆ ಮೈಸೂರಿನ ಹೈದರ್ ಮತ್ತು ಟೀಪು ಇವರೆಲ್ಲರ ಆಡಳಿತದಲ್ಲಿ ಪಾರಸಿಯ ಪಾತ್ರ ದೊಡ್ಡದು. ತಾಲ್ಲೂಕು, ಜಿಲ್ಲೆ, ದಫ್ತರ, ಜಮೀನು, ಜಮಾಬಂದಿ, ರುಜು ಮೊದಲಾದವು ಬಂದ ದಾರಿಯಲ್ಲೇ ‘ವಾರಸುದಾರ’ನೂ ಬಂದ, ‘ಬೇವಾರಸು’ ಆಸ್ತಿಯೂ ಬಂತು. ಸತ್ತವನಿಗೆ ಹಕ್ಕುದಾರರಿಲ್ಲದಿದ್ದರೆ ಆಸ್ತಿ ಸರ್ಕಾರಕ್ಕೆ ಸೇರುತ್ತದೆ ಎಂಬ ನಿಯಮದಲ್ಲಿ ಬೈಗುಳದ ಸೋಂಕು ಸ್ವಲ್ಪವೂ ಇಲ್ಲ. ಅದು ಹೊಸ ನಿಯಮವೂ ಅಲ್ಲ. ಕನ್ನಡ ಶಾಸನಗಳು ‘ಅಪುತ್ರಿಕ’ ದ್ರವ್ಯದ ಮಾತನ್ನಾಡುತ್ತವೆ. ಕಾಳಿದಾಸನ ‘ಶಾಕುಂತಲ’ದ ಆರನೆಯ ಅಂಕದಲ್ಲಿ ಧನಮಿತ್ರನೆಂಬ ವರ್ತಕ ಹಡಗೊಡೆದು ಮಡಿದಾಗ, ಮಕ್ಕಳಿಲ್ಲದ ಆತನ ಸಂಪತ್ತು ಅರಮನೆಗೆ ಸೇರತಕ್ಕದ್ದೆಂದು ಅಮಾತ್ಯ ಬರೆದು ಕಳುಹಿಸುತ್ತಾನೆ, ಆತನ ಹೆಂಡಿರಲ್ಲಿ ಯಾರಾದರೂ ಗರ್ಭಿಣಿಯೇ ವಿಚಾರಿಸಿ ಎಂದು ದುಷ್ಯಂತ ಅದನ್ನು ತಡೆಯುತ್ತಾನೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 29ನೆಯ ವಿಧಿ ಇದೇ ನಿಯಮದ ಇಂದಿನ ರೂಪ. ಡಾಲ್‌ಹೌಸಿಯ ಕಾಲದಲ್ಲಿ 1848ರಿಂದ ಸಾತಾರೆ, ಝಾನ್ಸಿ, ನಾಗಪುರಗಳನ್ನು ನುಂಗಿದ ಧೋರಣೆಯೂ ಔರಸ ಪುತ್ರರಿಲ್ಲವೆಂಬ ನೆಪವನ್ನೇ ಹಿಡಿದಿತ್ತು.

ಆಸ್ತಿಗೆ ಅಂಟಿದ್ದ ಈ ವಿಶೇಷಣ ಕನ್ನಡದಲ್ಲಿ, ಹೆಚ್ಚಾಗಿ ತುಳುನಾಡಿನಲ್ಲಿ, ಮನುಷ್ಯನಿಗೆ ಅಂಟಿಕೊಂಡಿತು. ಹಕ್ಕುದಾರನಿಲ್ಲದ ಸೊತ್ತು ಎಂಬುದು ಕೇಳುವವರಿಲ್ಲದ ಮನುಷ್ಯನಾಯಿತು. ಮುಂದೆ ತಂದೆ ಯಾರೆಂದು ತಿಳಿಯದವನಾಯಿತು. ಅಳಿಯಸಂತಾನದ ಕಟ್ಟು ನಡೆಯುತ್ತಿದ್ದ ನಾಡಿನಲ್ಲಿ, ಹಕ್ಕು ಸೋದರಮಾವನಿಂದ ಸೋದರಳಿಯನಿಗೆ ಇಳಿಯುತ್ತಿದ್ದ ಮನೆತನಗಳ ನಡುವೆ, ತಂದೆಯ ಹೆಸರಿಲ್ಲವೆಂಬ ಹೀನಾಯ ಇಷ್ಟು ಬೇರು ಬಿಟ್ಟುದು ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಯೋಚಿಸತಕ್ಕ ವಿಷಯ.

ದೆಹಲಿಯ ಬೀದಿಯಲ್ಲಿ ಇದೇ ಪದದ ಒಡಹುಟ್ಟು ಬೇರೊಂದು ಬಾಳು ಬಾಳುತ್ತಿದೆ. ಅರಬ್ಬಿಯ ‘ಲಾ’ ಎಂಬ ನಿಷೇಧ ಸೇರಿದ ‘ಲಾವಾರಿಸ್’ ಅಲ್ಲಿ ಬೈಗುಳಕ್ಕಿಂತ ಹೆಚ್ಚಾಗಿ ಪ್ರಕಟಣೆಯ ಮಾತು. ಲಾವಾರಿಸ್ ವಸ್ತುವನ್ನು ಮುಟ್ಟಬೇಡಿ ಎಂದು ರೈಲು ನಿಲ್ದಾಣಗಳು ಕೂಗುತ್ತವೆ. ಗುರುತು ಸಿಗದ ಶವಕ್ಕೂ ಅದೇ ವಿಶೇಷಣ. 1981ರ ಹಿಂದಿ ಚಲನಚಿತ್ರವೊಂದು ಆ ಹೆಸರನ್ನೇ ತನ್ನ ನಾಯಕನ ನೋವಿನ ಹೆಸರಾಗಿಸಿತು. ಒಂದೇ ಬೇರಿನ ಪದ ಹಿಂದಿಯಲ್ಲಿ ಎಚ್ಚರಿಕೆಯನ್ನೂ ಕನಿಕರವನ್ನೂ ಹುಟ್ಟಿಸಿದರೆ ಕನ್ನಡದಲ್ಲಿ ತಿರಸ್ಕಾರವನ್ನು ಹುಟ್ಟಿಸುತ್ತದೆ. ‘ಪರದೇಶಿ’ ಎಂಬುದರ ಗತಿಯೂ ಹೀಗೆಯೇ. ಹಿಂದಿಯ ಹಾಡುಗಳಲ್ಲಿ ಪರದೇಸಿ ಎಂದರೆ ದೂರ ಹೋದ ಪ್ರಿಯ; ಕನ್ನಡದ ಆಡುಮಾತಿನಲ್ಲಿ ಪರದೇಶಿ ಎಂದರೆ ಗತಿಯಿಲ್ಲದವನು. ಊರು ಬಿಟ್ಟು ದೆಹಲಿ, ನೋಯಿಡಾ, ಗುರುಗ್ರಾಮಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಬೀದಿಯಲ್ಲಿ ಒಂದು ಅರ್ಥವನ್ನೂ ಮನೆಯಲ್ಲಿ ಇನ್ನೊಂದು ಅರ್ಥವನ್ನೂ ಕಲಿಯುತ್ತಾರೆ. ಊರು ಬಿಟ್ಟವನನ್ನೂ ತಂದೆಯಿಲ್ಲದವನನ್ನೂ ಕನ್ನಡವು ಬೈಗುಳದ ಪಂಕ್ತಿಯಲ್ಲಿ ಕೂರಿಸಿದೆ ಎಂಬುದು ಹೆಮ್ಮೆಯ ಮಾತಲ್ಲ.

5

ಈ ಹಿನ್ನೆಲೆಯಲ್ಲಿ ನಿಘಂಟಿನ ಪ್ರಶ್ನೆಯನ್ನು ನೋಡಬೇಕು. ಇಂಗ್ಲಿಷರಿಗೂ ಒಮ್ಮೆಗೇ ಧೈರ್ಯ ಬಂದುದಲ್ಲ. ಫ್ರಾನ್ಸಿಸ್ ಗ್ರೋಸ್ 1785ರಲ್ಲೇ ಬೀದಿಮಾತಿನ ಕೋಶವನ್ನು ಹೊರತಂದರೂ, ಆಕ್ಸ್‌ಫರ್ಡ್ ನಿಘಂಟು ಎರಡು ಅತಿ ಅಶ್ಲೀಲ ಪದಗಳನ್ನು ತನ್ನ ಪುಟಗಳಿಗೆ ಸೇರಿಸಿಕೊಂಡುದು 1972ರ ಪುರವಣಿಯಲ್ಲಿ. ‘ಡ್ಯಾಮ್’ ಎಂಬ ಸೌಮ್ಯ ಪದವನ್ನೇ ಬಹುಕಾಲ ಅಕ್ಷರಗಳ ನಡುವೆ ಗೆರೆಯೆಳೆದು ಅಚ್ಚಿಸುತ್ತಿದ್ದರು. 1939ರ ‘ಗಾನ್ ವಿತ್ ದ ವಿಂಡ್’ ಚಿತ್ರದ ಕೊನೆಯಲ್ಲಿ ಅದನ್ನು ಆಡಬಹುದೆ ಎಂಬುದೇ ಹಾಲಿವುಡ್ಡಿನಲ್ಲಿ ಚರ್ಚೆಯಾಗಿತ್ತು. ಆದರೆ ಆ ಭಾಷೆ ಬೈಗುಳದ ಪ್ರಯೋಗಗಳನ್ನು ವರ್ಷವಾರು ದಾಖಲಿಸಿಟ್ಟಿದ್ದರಿಂದಲೇ ನಾಣ್ಯದ ಕಥೆಯನ್ನು ತೂಗಿ ನೋಡುವುದು ಸಾಧ್ಯವಾಯಿತು.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟಗಳಲ್ಲಿ 1995ರಲ್ಲಿ ಮುಗಿಯಿತು. ಶಾಸನದಿಂದ ಆಧುನಿಕ ಸಾಹಿತ್ಯದವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿದ ಆ ಸಾಧನೆ ಯಾವ ಭಾಷೆಗಾದರೂ ಭೂಷಣ. ಆದರೆ ಬರಹದ ಮೇಲೆ ನಿಂತ ಯಾವ ಕೋಶಕ್ಕೂ ಬರಹ ಹಿಂಜರಿದ ಕಡೆ ದಾರಿಯಿಲ್ಲ. ಬೈಗುಳಗಳ ಚರಿತ್ರೆ ನ್ಯಾಯಾಲಯದ ಕಡತಗಳಲ್ಲಿ, ಯಕ್ಷಗಾನದ ಹಾಸ್ಯದಲ್ಲಿ, ಮುದುಕಿಯರ ಬಾಯಲ್ಲಿ ಹಂಚಿಹೋಗಿದೆ. ಅದನ್ನು ಸಂಗ್ರಹಿಸುವುದು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳ ಕೆಲಸ. ಹೊರನಾಡಿನ ವಿಭಾಗಗಳಿಗೆ ಇದರಲ್ಲಿ ವಿಶೇಷ ಅನುಕೂಲವಿದೆ: ಪಾರಸಿ, ಉರ್ದು, ಹಿಂದಿಗಳ ವಿದ್ವಾಂಸರು ಅವುಗಳ ಪಕ್ಕದ ಕೊಠಡಿಯಲ್ಲೇ ಇರುತ್ತಾರೆ.

ಬೈಗುಳವನ್ನು ಕೋಶಕ್ಕೆ ಸೇರಿಸಿದರೆ ಅದಕ್ಕೆ ಮಾನ್ಯತೆ ಕೊಟ್ಟಂತಾಗುವುದಿಲ್ಲವೆ ಎಂಬ ಆಕ್ಷೇಪವಿದೆ. ಅದು ಉಪೇಕ್ಷಿಸತಕ್ಕ ಆಕ್ಷೇಪವಲ್ಲ. ಆದರೆ ಅನುಭವ ಹೇಳುವುದು ಬೇರೆ. ಬೇವರ್ಸಿ ಎಂದು ಬೈಯುವವನಿಗೆ ತಾನು ಏನು ಹೇಳುತ್ತಿದ್ದೇನೆಂಬುದು ತಿಳಿದಿರುವುದಿಲ್ಲ. ತಿಳಿಯದಿರುವುದರಿಂದಲೇ ಅದು ಸಲೀಸಾಗಿ ಬರುತ್ತದೆ. ತಾನು ದೂಷಿಸುತ್ತಿರುವುದು ಎದುರಿಗಿರುವವನ ನಡತೆಯನ್ನಲ್ಲ, ಯಾವುದೋ ಮಗುವಿನ ಅನಾಥಸ್ಥಿತಿಯನ್ನು ಎಂದು ಗೊತ್ತಾದರೆ ನಾಲಗೆ ಒಂದು ಕ್ಷಣವಾದರೂ ತಡೆಯುತ್ತದೆ. ಆ ಒಂದು ಕ್ಷಣವನ್ನು ಒದಗಿಸುವುದು ಶಬ್ದಚರಿತ್ರೆಗೆ ಸಾಧ್ಯ, ನಿಷೇಧಕ್ಕೆ ಸಾಧ್ಯವಿಲ್ಲ.

ಇಂಗ್ಲಿಷಿನ ಬೈಗುಳಕ್ಕೆ ದೆಹಲಿಯ ದಾಮ್ ವಾರಸುದಾರನಲ್ಲ ಎಂಬುದನ್ನು ಒಪ್ಪಿಕೊಂಡರೆ ಕಳೆದುಕೊಳ್ಳುವುದೇನೂ ಇಲ್ಲ. ದ್ರಮ್ಮದಿಂದ ದಮ್ಮಡಿಯವರೆಗಿನ ನಿಜವಾದ ಸೊತ್ತು ಕನ್ನಡದ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಯಾರೂ ಹಕ್ಕು ಕೇಳದೆ ಬಿದ್ದಿರುವುದು ಬೇವರ್ಸಿಯಂಥ ಪದಗಳ ಚರಿತ್ರೆ. ಅದಕ್ಕೆ ವಾರಸುದಾರರಾಗಿ ನಿಲ್ಲಬೇಕಾದವರು ಕನ್ನಡದ ವಿದ್ಯಾರ್ಥಿಗಳೇ.